ಐದು ಬಾರದ ಸಾಲು

ನಮ್ಮ ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ನನ್ನ ಗ್ರಹಚಾರಕ್ಕೆ ಅಷ್ಟೇ ಸಾಕಾಯಿತು.

ಅರವತ್ತರ ದಶಕದ ಮಾತು. ಮದುವೆಯಾಗಿ ಮನಗೂಳಿಗೆ ಬಂದರೂ ಲೆಕ್ಕದ ಹುಚ್ಚು ನನ್ನನ್ನು ಬಿಟ್ಟಿರಲಿಲ್ಲ. ರೊಟ್ಟಿ ಬಡಿದು ಮುಗಿದ ಮೇಲೆ ಪಾಟಿ, ಬಳಪ ಹಿಡಿದು ಅವಿಭಾಜ್ಯ ಸಂಖ್ಯೆಗಳ ಸಾಲು ಕಟ್ಟುತ್ತಿದ್ದೆ. ಎರಡರಿಂದ ಶುರು. ಸಾಲಿನಲ್ಲಿರುವುದನ್ನೆಲ್ಲ ಗುಣಿಸಿ ಒಂದು ಕೂಡಿಸಬೇಕು. ಬಂದದ್ದನ್ನು ಶೇಷವಿಲ್ಲದೆ ಒಡೆಯುವ ಅತಿ ಸಣ್ಣ ಅವಿಭಾಜ್ಯವೇ ಮುಂದಿನದು. ಒಡೆಯದಿದ್ದರೆ ಅದೇ ಮುಂದಿನದು. ಎರಡು, ಮೂರು, ಏಳು, ನಲವತ್ತಮೂರು, ಸಾವಿರದ ಎಂಟುನೂರ ಏಳು.

"ಐದ ಎಲ್ಲೈತಿ?" ಎಂದರು ಅತ್ತೆ.

"ಐದು ಬರೂದಿಲ್ರಿ ಅತ್ತಿ."

"ಐದಿಲ್ಲದ ಉಡಿ ತುಂಬ್ತಾರೇನ? ಅದು ಬರೂತನಕ ನೀ ಧಾರವಾಡಕ್ಕ ಹೋಗಾಂಗಿಲ್ಲ."

ಧಾರವಾಡದಲ್ಲಿ ನನಗೆ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕಿತ್ತು. ಹದಿನೈದು ದಿನದಲ್ಲಿ ಹೊರಡಬೇಕಿತ್ತು. ಗಂಡ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಅತ್ತೆಯ ಮಾತೇ ಮಾತು. ಕಡೆಯ ಅಂಕಿಗಳನ್ನು ಬೆರಳಿಟ್ಟು ತೋರಿಸಿದೆ: ಮೂರು, ಏಳು, ಮೂರು, ಏಳು. ಇನ್ನು ಐದು ಎಲ್ಲಿಂದ ಬರಬೇಕು? ಗೋಡೆಗೆ ಹೇಳಿದ್ದರೆ ಗೋಡೆ ಸುಮ್ಮನಾದರೂ ಇರುತ್ತಿತ್ತು.

"ಆ ದೊಡ್ಡದನ್ನ ಪೂರಾ ಒಡದ ನೋಡೀಯೇನ?" ಎಂದು ದಿನಾ ಕೇಳುವರು.

"ನೋಡೇನ್ರಿ" ಎನ್ನುತ್ತಿದ್ದೆ. ಸುಳ್ಳು. ಹನ್ನೊಂದರವರೆಗೆ ನೋಡಿ ಬಿಟ್ಟಿದ್ದೆ. ಹದಿಮೂರರ ಮಗ್ಗಿಗೆ ಶಾಲೆಯಲ್ಲಿ ಛಡಿ ಏಟು ತಿಂದವಳು ನಾನು. ಅದರ ತಂಟೆಗೇ ಹೋಗುತ್ತಿರಲಿಲ್ಲ.

ಹನ್ನೆರಡನೆಯ ದಿನ ತಲೆಕೆಟ್ಟು, ಅವರ ಮುಂದೆಯೇ ಹದಿಮೂರರಿಂದ ಭಾಗಿಸಿದೆ. ನೂರಾ ಹದಿನೇಳು ಉಳಿದಲ್ಲಿ ನಿಂತೆ. ಶೇಂಗಾ ಸುಲಿಯುತ್ತಿದ್ದ ಅತ್ತೆ ತಲೆಯೆತ್ತದೆ, "ಹದಿಮೂರೊಂಬತ್ಲೆ ನೂರಾ ಹದಿನೇಳು" ಎಂದರು. ಅಣ್ಣಂದಿರು ಮಗ್ಗಿ ಒದರುವುದನ್ನು ಕೇಳಿಯೇ ಕಲಿತವರಂತೆ.

ಶೇಷವಿಲ್ಲದೆ ಒಡೆಯಿತು! ನಾಚಿಕೆಯಿಂದ ನೆಲ ಹೊಕ್ಕಂತಾಯಿತು. ಸಾವಿರದ ಎಂಟುನೂರ ಏಳನ್ನು ಅಳಿಸಿ ಹದಿಮೂರು ಬರೆದೆ. ಮತ್ತೆ ಗುಣಿಸಿ, ಒಂದು ಕೂಡಿಸಿ, ಎರಡು ದಿನ ಒಡೆದು ನೋಡಿದರೆ ಐವತ್ತಮೂರು ಬಂತು. ಮತ್ತೆ ಗುಣಿಸಿ ಒಂದು ಕೂಡಿಸಿದೆ: ಹನ್ನೆರಡು ಲಕ್ಷ ನಲವತ್ತನಾಲ್ಕು ಸಾವಿರದ ಮುನ್ನೂರ ಮೂವತ್ತೈದು. ಕಡೆಯ ಅಂಕಿ ಐದು. ಒಡೆಯುವುದೂ ಐದೇ.

ಅತ್ತೆ ಪಾಟಿ ನೋಡಿ, ಐದು ಅಡಿಕೆ, ಐದು ಉತ್ತತ್ತಿ ಹಾಕಿ ನನ್ನ ಉಡಿ ತುಂಬಿದರು. "ಮುಂದಿಂದ ಯಾವದು?" ಎಂದರು.

ಅದು ಅರವತ್ತೆರಡು ಲಕ್ಷ ಚಿಲ್ಲರೆ. ಧಾರವಾಡದಲ್ಲಿ ವರ್ಷವಿಡೀ ಹೆಣಗಿದರೂ ಒಡೆಯಲಿಲ್ಲ. ಅತ್ತೆ ನನ್ನ ಗಂಡನ ಕೈಯಿಂದ ವಾರ ವಾರ ಕಾರ್ಡು ಬರೆಸುತ್ತಿದ್ದರು. ಉಂಡೆಯಾ, ಆರಾಮಿದ್ದೀಯಾ, ಏನೂ ಇಲ್ಲ. "ಒಡೀತೇನ?" ಅಷ್ಟೇ. ಓದಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಕಾರ್ಡು ಬಾರದ ವಾರ ಅದಕ್ಕಿಂತ ಹೆಚ್ಚು ಬರುತ್ತಿತ್ತು.