ಟ್ರಂಕ್ ಕಾಲಿನ ಕುಶಲೋಪರಿ

ಟ್ರಂಕು ಅನ್ನುವ ಪದದ ಮೇಲೆ ನನಗೆ ಹಳೆಯ ಸಿಟ್ಟಿದೆ. ಇಂಗ್ಲಿಷಿನವರು ಆನೆಯ ಸೊಂಡಿಲಿಗೂ ಅದನ್ನೇ ಅಂದರು, ಮರದ ಬೊಡ್ಡೆಗೂ ಅದನ್ನೇ ಅಂದರು, ಮನುಷ್ಯನ ಮುಂಡವನ್ನೂ ಬಿಡಲಿಲ್ಲ. ನಮ್ಮಲ್ಲಿ ಸೊಂಡಿಲಿಗೆ ಸೊಂಡಿಲು, ಬೊಡ್ಡೆಗೆ ಬೊಡ್ಡೆ. ಅಷ್ಟರಮಟ್ಟಿಗೆ ನಾವು ಸ್ಥಿತಿವಂತರು. ಚಿಂತಾಮಣಿಯ ನಮ್ಮ ಮನೆಗೆ ಆ ಪದ ಮೊದಲು ತಗಡಿನ ಪೆಟ್ಟಿಗೆಯಾಗಿ ಬಂದು, ಅಟ್ಟದ ಮೇಲೆ ತೆಪ್ಪಗೆ ಕೂತಿತ್ತು. ಕಾಟ ಕೊಟ್ಟಿದ್ದು ಅದರ ದಾಯಾದಿ, ಪರವೂರಿನವರ ಜೊತೆ ಮಾತಾಡಲು ಅಂಚೆಕಚೇರಿಯಲ್ಲಿ ಬುಕ್ ಮಾಡಿ ಕಾಯಬೇಕಿದ್ದ ಟ್ರಂಕ್ ಕಾಲು.

ಅರವತ್ತರ ದಶಕದ ಮಾತು. ನಾನಾಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನನ್ನ ತಂಗಿ ಪದ್ಮಳನ್ನು ಗೌರಿಬಿದನೂರಿನವರು ನೋಡಿಕೊಂಡು ಹೋಗಿದ್ದರು. ಹುಡುಗ ಮೇಷ್ಟರು, ಪದ್ಮಳ ಮನಸ್ಸಿಗೆ ಬಂದಿದ್ದ. ಹುಡುಗನ ತಂದೆಯಿಂದ ಕಾಗದ ಬಂತು: ಗುರುವಾರದೊಳಗೆ ಒಪ್ಪಿಗೆ ತಿಳಿಸಿ, ಶುಕ್ರವಾರ ಶಿಡ್ಲಘಟ್ಟದಲ್ಲಿ ಇನ್ನೊಂದು ಹೆಣ್ಣು ನೋಡುವುದಿದೆ. ಆ ಕಾಗದ ನಮ್ಮ ಕೈಸೇರಿದ್ದೇ ಗುರುವಾರ. ಪುಣ್ಯಕ್ಕೆ ಅವರ ಅಕ್ಕಿ ಗಿರಣಿಯಲ್ಲಿ ಫೋನಿತ್ತು.

ಅಪ್ಪ ಒಗೆದ ಪಂಚೆಯುಟ್ಟು, ಪೇಟ ಸುತ್ತಿ, ಫೋನಿನೊಳಗಿಂದ ಬೀಗರು ನೋಡುತ್ತಾರೇನೋ ಅನ್ನುವ ಹಾಗೆ ಸಿಂಗರಿಸಿಕೊಂಡು ಹೊರಟರು. ಅಂಚೆಕಚೇರಿಯ ಬೆಂಚಿನ ಮೇಲೆ ಎರಡು ಗಂಟೆ ಕಾದ ಮೇಲೆ ಲೈನು ಸಿಕ್ಕಿತು. ಮೂರು ನಿಮಿಷದ ಕಾಲು.

"ನಮಸ್ಕಾರ ಗೌಡ್ರೇ! ಎಲ್ಲಾ ಚೆನ್ನಾಗಿದೀರಾ?" ಎಂದು ಅಪ್ಪ ಕೂಗಿದ ರಭಸಕ್ಕೆ ಫೋನೇ ಬೇಕಿರಲಿಲ್ಲ. ಬಾಯಿ ತೆರೆದ ಕೂಡಲೇ ವಿಷಯಕ್ಕೆ ಬರುವುದು ನಮ್ಮ ಕಡೆ ಮರ್ಯಾದೆಯಲ್ಲ. ಅಜ್ಜಿಯ ಕಣ್ಣಾಯಿತು, ಅವರ ಮನೆಯವರ ಮಂಡಿ ನೋವಾಯಿತು, ಗಬ್ಬದ ಹಸುವಾಯಿತು. ಕನ್ನಡದಲ್ಲಿ ಮುಗಿಸಿ ತೆಲುಗಿನಲ್ಲೂ ಒಂದು ಸುತ್ತು ವಿಚಾರಿಸಿದರು. ಆ ಕಡೆಯವರೂ ಅಷ್ಟೇ ಮರ್ಯಾದಸ್ತರು. ನಮ್ಮ ರಾಗಿ ಹೊಲದಿಂದ ಶುರುಮಾಡಿದ್ದರು. ನಾನು ಅಪ್ಪನ ತೋಳು ಜಗ್ಗಿದೆ.

"ಇರಪ್ಪ, ನೀನೂ ಕೇಳ್ದೆ ಅಂತ ಹೇಳ್ತೀನಿ," ಅಂದವರು, "ನಮ್ಮ ಹುಡುಗನೂ ಕೇಳ್ತಾವ್ನೆ ಗೌಡ್ರೇ!" ಎಂದು ಮತ್ತೆ ಕೂಗಿದರು. ಮೂರು ನಿಮಿಷ ಮುಗಿದು ಲೈನು ಕಟ್ಟಾಯಿತು. ಮತ್ತೆ ಬುಕ್ ಮಾಡಿ, ಬಾಗಿಲು ಹಾಕುವವರೆಗೂ ಕೂತೆವು, ಸಿಗಲಿಲ್ಲ.

"ಹೇಳ್ದೇನಪ್ಪಾ?" ಅಂದಳು ಪದ್ಮ, ಹೊಸಲಿನಲ್ಲೇ.

"ಎಲ್ರೂ ಚೆನ್ನಾಗವ್ರಂತೆ ಕಣಮ್ಮ," ಅಂದರು ಅಪ್ಪ.

ಅವಳು ಊಟ ಮಾಡಲಿಲ್ಲ. ನನಗೂ ಮುದ್ದೆ ಇಳಿಯಲಿಲ್ಲ. ಸರ್ಕಾರಿ ನೌಕರ ಅಂತ ಬೀಗುತ್ತಿದ್ದವನು ಅಪ್ಪನ ಕೈಯಿಂದ ಫೋನು ಇಸಿದುಕೊಂಡು ಒಂದು ಮಾತು ಹೇಳಲಾರದೆ ಹೋದೆನಲ್ಲ ಎಂದು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಹುಡುಗನ ತಂದೆಯೇ ಬಂದರು. ಬಸ್ಸು ಶಿಡ್ಲಘಟ್ಟದಲ್ಲಿ ನಿಂತರೂ ಇಳಿಯದೆ ಬಂದಿದ್ದರು. "ನಿನ್ನೆ ಮಾತಿನ ಭರದಲ್ಲಿ ನಿಮ್ಮ ಉತ್ರ ಕೇಳೋದೇ ಮರ್ತೆ. ಮನೇಲಿ ಬೈದು ಕಳಿಸವ್ರೆ," ಅಂದರು.

ಅಪ್ಪ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, "ಬಸ್ಸಲ್ಲಿ ಸೀಟು ಸಿಕ್ತಾ?" ಎಂದು ಆರಂಭಿಸಿದರು.

"ಅಪ್ಪಾ! ಒಪ್ಪಿಗೆ ಅಂತ ಮೊದ್ಲು ಹೇಳಪ್ಪಾ!"

ಅಡುಗೆಮನೆ ಬಾಗಿಲ ಹಿಂದಿನಿಂದ ಪದ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಸಂಬಂಧ ಮುರಿಯಿತು ಅಂದುಕೊಂಡು ನಾನು ನೆಲ ನೋಡಿದೆ.

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಂಥ ಹುಡುಗಿ ಬೇಕಾಗಿತ್ತು ಕಣ್ರೀ. ನಮ್ಮನೇಲೂ ವಿಷಯಕ್ಕೆ ಬರೋರು ಒಬ್ರೂ ಇಲ್ಲ," ಅಂದರು.

ಹಾಗಂದವರೇ ಅಪ್ಪನ ಕಡೆ ತಿರುಗಿ, ಈ ಕಡೆ ಮಳೆ ಹೇಗೆ ಎಂದು ಕೇಳಿದರು.