ಹೊಸ್ತಿಲಲ್ಲಿ ಸಹಿ ಕೇಳದ ಅನ್ನಪೂರ್ಣೇಶ್ವರಿ ಮೇಡಂ

ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನೆ ಎಂದರೆ ಬಿಳಿ ಕೋಟು ಎಂದುಕೊಂಡು ಬಂದವಳು ನಾನು. ಅದು ಗಜೇಂದ್ರಗಡದ ಓಣಿಯಲ್ಲಿ ಚಪ್ಪಲಿ ಬಿಟ್ಟು, ಮಗ್ಗದ ಪಕ್ಕ ಕೂತು ಸುಮ್ಮನೆ ಕೇಳಿಸಿಕೊಳ್ಳುವ ಕೆಲಸವೂ ಹೌದೆಂದು ತೋರಿಸಿಕೊಟ್ಟವರು ನಮ್ಮ ಕ್ಷೇತ್ರ ಸಂಶೋಧನಾಧಿಕಾರಿ ಅನ್ನಪೂರ್ಣೇಶ್ವರಿ ಮೇಡಂ.

ನರಗುಂದದ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ, ರಜೆ ಅರ್ಜಿಯಿಂದ ಔಷಧ ದಾಸ್ತಾನಿನವರೆಗೆ ಎಲ್ಲವನ್ನೂ ನಿಭಾಯಿಸಿ, ಕೊನೆಗೆ ರೋಣದ ನಮ್ಮ ಸಂಶೋಧನಾ ಕೇಂದ್ರಕ್ಕೆ ಅಧಿಕಾರಿಯಾಗಿ ಬಂದವರು ಅವರು. ಬಸ್ಸಿನಲ್ಲಿ ಹಾಡು ಕೇಳುತ್ತಾ ನಾನು ಇಳಿಯಬೇಕಿದ್ದ ಇಟಗಿ ದಾಟಿ ಎಲ್ಲೋ ಇಳಿದ ದಿನ, ಬೈಯದೆ ಬಿಸಿಲಲ್ಲಿ ನನ್ನನ್ನು ಹುಡುಕಿಕೊಂಡು ಬಂದು, ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟರು.

ನೇಕಾರರ ಬೆನ್ನುನೋವಿನ ಅಧ್ಯಯನಕ್ಕೆ ಆ ವರ್ಷ ಜನ ಬೇಕಿತ್ತು. ಮಾರ್ಚ್ ಒಳಗೆ ಸಾಕಷ್ಟು ಜನ ಸಹಿ ಹಾಕದಿದ್ದರೆ ಯೋಜನೆ ನಿಲ್ಲುತ್ತಿತ್ತು; ಅದರೊಂದಿಗೆ ಕಂಪ್ಯೂಟರ್ ಕೆಲಸದ ಮಾಲತೇಶಣ್ಣನ ತಾತ್ಕಾಲಿಕ ನೌಕರಿಯೂ ಹೋಗುತ್ತಿತ್ತು. ಮೇಡಂ ಮಾತ್ರ ಒಪ್ಪಿಗೆ ಪತ್ರವನ್ನು ಯಾರ ಮನೆಯಲ್ಲೂ ಚೀಲದಿಂದ ತೆಗೆಯುತ್ತಿರಲಿಲ್ಲ. ಎಲ್ಲ ತಿಳಿಸಿ, ಚಹಾ ಕುಡಿದು ಎದ್ದುಬಿಡುತ್ತಿದ್ದರು. ಮನಸ್ಸಿದ್ದವರು ತಾವಾಗಿ ಕೇಂದ್ರಕ್ಕೆ ಬರಬೇಕು.

“ಮನಿಗೆ ಹೋಗಿ ಕೇಳಿದ್ರ ಎಲ್ಲಾರೂ ಹೂಂ ಅಂತಾರ್ರಿ ಮೇಡಂ,” ಎಂದ ಮಾಲತೇಶಣ್ಣ.

“ಮನಿಗೆ ಬಂದವ್ರಿಗೆ ಇಲ್ಲ ಅನ್ನೂದು ನಮ್ಮ ಮಂದಿಗೆ ಆಗೂದಿಲ್ಲಪಾ. ಅದಕ್ಕ ಕೇಳೂದಿಲ್ಲ.”

ಮಾರ್ಚ್ ಕೊನೆಯಲ್ಲಿ ನೀಲಾ ಎಂಬ ನೇಕಾರ ಹೆಣ್ಣುಮಗಳು ಗಜೇಂದ್ರಗಡದಿಂದ ಬಸ್ಸು ಹತ್ತಿ ಬಂದಳು. ಮಾಲತೇಶಣ್ಣ ಸಹಿಗೆಂದು ಪೆನ್ನಿನ ಮುಚ್ಚಳ ತೆಗೆದೇಬಿಟ್ಟಿದ್ದ.

“ಮನಿತನಕಾ ಬಂದಿದ್ರಿ, ಅವತ್ತ ಹೇಳಾಕ ಬಾಯಿ ಬರ್ಲಿಲ್ಲ. ನನಗ ಇದು ಬ್ಯಾಡ್ರಿ,” ಎಂದು ತಲೆ ತಗ್ಗಿಸಿದಳು ನೀಲಾ. “ಒಲ್ಲೆ ಅಂದ್ರ ದವಾಖಾನ್ಯಾಗ ಗುಳಿಗಿ ಕೊಡೂದು ನಿಲ್ಲಸ್ತೀರೇನ್ರಿ?”

“ಅದಕ್ಕೂ ಇದಕ್ಕೂ ಸಂಬಂಧಿಲ್ಲ ತಂಗಿ. ಬೆನ್ನ ನೋವಾದ್ರ ಲಗೂನ ಬಾ.”

ಮೇಡಂ ಬಸ್ ನಿಲ್ದಾಣದವರೆಗೂ ಹೋಗಿ ಅವಳನ್ನು ಕಳಿಸಿ ಬಂದರು. ಜನ ಸಾಲಲಿಲ್ಲ. ಯೋಜನೆ ನಿಂತಿತು. ಮಾಲತೇಶಣ್ಣ ಮೇಜು ಖಾಲಿ ಮಾಡಿ, ಯಾರಿಗೂ ಹೇಳದೆ ಹೋದ. ಅವನಿಗೆ ಬೇರೆ ಕೆಲಸ ಕೊಡಿಸಲು ಮೇಡಂ ಕಚೇರಿ ಕಚೇರಿ ಅಲೆದರು, ಆಗಲಿಲ್ಲ. ಕೇಂದ್ರದ ಉಳಿದವರು ಅವರನ್ನು ಊಟಕ್ಕೆ ಕರೆಯುವುದನ್ನೇ ಬಿಟ್ಟರು. ಆಮೇಲೆ ನಿವೃತ್ತಿಯವರೆಗೂ, ನಾನು ಜೊತೆಗೆ ಕೂರದ ದಿನಗಳಲ್ಲಿ, ಅವರು ಕಿಟಕಿಗೆ ಮುಖ ಮಾಡಿ ಒಬ್ಬರೇ ಉಣ್ಣುತ್ತಿದ್ದರು. ತಾವು ಮಾಡಿದ್ದು ಸರಿ ಎಂದು ಒಮ್ಮೆಯೂ ಹೇಳಿಕೊಳ್ಳಲಿಲ್ಲ.

ಮೇಡಂ ಅವರ ಈ ಅಭಿನಂದನಾ ಸಂಪುಟಕ್ಕೆ ಒಂದು ಪುಟ ಬರೆದುಕೊಡೆಂದು ಮಾಲತೇಶಣ್ಣನಿಗೆ ಫೋನು ಮಾಡಿದ್ದೆ. ಒಲ್ಲೆ ಎಂದ. ಮೇಡಂಗೆ ತಿಳಿಸಿದಾಗ ಅವರು, “ಇನ್ನೊಮ್ಮೆ ಕೇಳಬ್ಯಾಡವಾ,” ಎಂದಷ್ಟೇ ಹೇಳಿದರು. ನಾನು ಕೇಳಿಲ್ಲ.

ಮೇಡಂ ಆರೋಗ್ಯದಿಂದ ನೂರು ವರ್ಷ ಬಾಳಲಿ, ನನ್ನಂಥ ಹುಡುಗಾಟದವರಿಗೆ ಇನ್ನೂ ಬಹಳ ಕಾಲ ಈ ಕೆಲಸ ಕಲಿಸುತ್ತಿರಲಿ. ಒಂದು ದಿನ, ಯಾರೂ ಕರೆಯದೆ, ಮಾಲತೇಶಣ್ಣ ತಾನಾಗಿಯೇ ಅವರ ಮನೆಗೆ ಬರಲಿ.