ಆರಿದ ಕಾಫಿಯ ಮೇಷ್ಟ್ರು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ಇಂಗ್ಲಿಷ್ ಮೇಷ್ಟ್ರಿಗೆ ‘ಸೆಟ್’ ಎಂಬ ಪದದ ಹುಚ್ಚು. ಕೋಟೆ ರಸ್ತೆಯ ಹೋಟೆಲಿನಲ್ಲಿ ಕಾಫಿಗೆ ಕೂತರೆ ಶುರು. ಸೂರ್ಯ ಮುಳುಗುವುದೂ ಸೆಟ್, ಸಿಮೆಂಟು ಗಟ್ಟಿಯಾಗುವುದೂ ಸೆಟ್. ‘ಕೂರಿಸು’ ಎಂಬರ್ಥದ ಹಳೆಯ ಇಂಗ್ಲಿಷ್ ಮಾತು ಒಂದು ಮೂಲವಂತೆ. ಗುಂಪು ಎಂಬ ಅರ್ಥ ಫ್ರೆಂಚಿನಿಂದ ಬಂದದ್ದಂತೆ.

“ಇಷ್ಟಕ್ಕೇ ಮುಗೀಲಿಲ್ಲ ಮಾರಾಯ,” ಎಂದು ಇನ್ನೊಂದು ಬೆರಳು ಮಡಿಸುವರು. ಕೇಳಿ ಕೇಳಿ ನನಗೆ ಸಾಕಾಗಿತ್ತು. ಕೊನೆಗೆ ಕೆನೆಗಟ್ಟಿ ಆರಿದ ಕಾಫಿಯನ್ನೇ ಕುಡಿದು ಏಳುವರು.

ಒಂದು ದಿನ ಕಾಫಿ ಬರುವಾಗಲೇ, ಅವರ ಮಗಳನ್ನು ನೋಡಿಹೋಗಿದ್ದ ಗಂಡಿನ ಕಡೆಯವರ ಫೋನು ಬಂತು.

“ಏನಂತೆ ಸರ್?”

“ಸೆಟ್ ಆಗಲ್ವಂತೆ, ಇವರಿಗೂ.”

ಬೆರಳು ಮಡಿಸುತ್ತಾರೇನೋ ಎಂದು ಕಾದೆ. ಅವರು ಕಾಫಿಯನ್ನು ಹಬೆಯಾಡುತ್ತಿರುವಾಗಲೇ ಕುಡಿದು ಎದ್ದರು.